ನೂಲಿಗೆ ಕಾಸಿದ ಗಂಜಿ

"ಗುರುಗಳೇ, ಮನುಷ್ಯ ಏನನ್ನು ಉಣ್ಣಬೇಕು?"

ಶಿಷ್ಯ ಹೀಗೆ ಕೇಳಿದಾಗ ಅವನ ದನಿಯಲ್ಲಿ ವಿನಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಕೈಯಲ್ಲಿ ಬಿಸಿನೀರಿನ ತಂಬಿಗೆ ಇತ್ತು. ಅದನ್ನು ಗುರುಗಳ ಮುಂದೆ ಇಟ್ಟು ಎದುರಿಗೆ ಕೂತ.

ಗುರುಗಳಿಗೆ ಎಂಬತ್ತು ದಾಟಿತ್ತು. ಹದಿನೈದು ದಿನ ಜ್ವರದಲ್ಲಿ ಮಲಗಿದ್ದವರು ಮೂರು ದಿನದ ಹಿಂದೆ ಎದ್ದು ಕೂತಿದ್ದರು. ಜ್ವರ ಬಿಟ್ಟ ಬೆಳಿಗ್ಗೆ ಅವರು ಆಡಿದ ಮೊದಲ ಮಾತು, "ಊಟಕ್ಕೆ ಏನಿದೆಯಪ್ಪಾ?" ಎಂಬುದು. ಶಿಷ್ಯನಿಗೆ ಹಿಗ್ಗಾಯಿತು. ಹಿಗ್ಗಿನ ಬೆನ್ನಿಗೇ ಭಯವೂ ಆಯಿತು. ಈ ವಯಸ್ಸಿನ ದೇಹ, ಈಗಷ್ಟೇ ಜ್ವರ ಬಿಟ್ಟಿದೆ. ತಾನು ಕೊಟ್ಟ ಒಂದು ತುತ್ತಿನಿಂದ ಏನಾದರೂ ಹೆಚ್ಚುಕಡಿಮೆಯಾದರೆ ಮಠಕ್ಕೆ ಮಠವೇ ತನ್ನ ಕಡೆ ಬೆರಳು ತೋರಿಸುತ್ತದೆ. "ಕೇಳಿಕೊಂಡು ಬರುತ್ತೇನೆ" ಎಂದು ಹೋದವನು ಮೂರು ದಿನದಿಂದ ಕೇಳುತ್ತಲೇ ಇದ್ದ. ಗುರುಗಳು ಎರಡನೆಯ ಸಲ ಕೇಳಿರಲಿಲ್ಲ.

"ಒಬ್ಬ ವೈದ್ಯರು ಅನ್ನ ಹಗುರ ಎಂದರು. ಇನ್ನೊಬ್ಬರು ಜ್ವರ ಬಿಟ್ಟ ಮೈಗೆ ಅನ್ನ ಶೀತ ಎಂದರು. ಹಾಲಿನಿಂದ ಬಲ ಬರುತ್ತದೆ ಎಂದವರು ಬಾಗಿಲು ದಾಟುವ ಮೊದಲೇ ಹಾಲು ಕಫ ಎನ್ನುವವರು ಒಳಗೆ ಬಂದರು. ಗ್ರಂಥ ತೆಗೆದರೆ ಈ ಪುಟದಲ್ಲಿ ಹೊಗಳಿಸಿಕೊಂಡ ಮಜ್ಜಿಗೆ ಮುಂದಿನ ಪುಟದಲ್ಲಿ ಬೈಸಿಕೊಳ್ಳುತ್ತದೆ. ಬೇಳೆ ವಾಯುವಂತೆ, ಬೆಲ್ಲ ಉಷ್ಣವಂತೆ. ನನಗೆ ತಲೆ ಕೆಟ್ಟುಹೋಗಿದೆ. ಯಾವುದು ಉಣ್ಣಲು ಯೋಗ್ಯ, ಯಾವುದು ಅಲ್ಲ, ನೀವೇ ಒಂದು ಮಾತು ಖಚಿತವಾಗಿ ಹೇಳಿಬಿಡಿ. ಅದರಂತೆ ಮಾಡಿ ನಾನು ಹಗುರಾಗುತ್ತೇನೆ."

ಗುರುಗಳು ತಂಬಿಗೆಯ ಕಡೆ ನೋಡಿದರು. ಎರಡು ಗುಟುಕು ಬಿಸಿನೀರು ಕುಡಿದು ಅದನ್ನು ಪಕ್ಕಕ್ಕೆ ಸರಿಸಿದರು.

"ಒಬ್ಬ ನೇಕಾರನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಕೈ ಬಹಳ ಗಟ್ಟಿ, ಮನಸ್ಸು ಬಹಳ ಪುಕ್ಕಲು. ಅವನು ನೇಯ್ದ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಬೇರೆಯವರ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮೂರು ದಿನ ಅವನಿಗೆ ನಿದ್ದೆ ಇರುತ್ತಿರಲಿಲ್ಲ. ಓದು ಬರಹ ಅವನಿಗೆ ಬಾರದು. ಅವನ ಹೆಂಡತಿ ಬನವ್ವ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು, ಬಾಣಂತನಕ್ಕೆ ಹೋಗಲು ಅವಳಿಗೆ ತವರಿರಲಿಲ್ಲ. ಹಾಗಾಗಿ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು.

ಆ ಕೂಸು ಒಂಬತ್ತನೆಯ ದಿನ ತೀರಿಕೊಂಡಿತು.

ಮಣ್ಣು ಮಾಡಿ ಬಂದು ನೇಕಾರ ಕಟ್ಟೆಯ ಮೇಲೆ ಕೂತಿದ್ದ. ಸಮಾಧಾನ ಹೇಳಲೆಂದು ಬಂದ ನೆರೆಮನೆಯ ಹೆಂಗಸೊಬ್ಬಳು ಕೇಳಿದಳು. "ಬಾಣಂತಿಗೆ ಏನ ಹಾಕಿದ್ರಿ?"

ಅದರ ಹಿಂದಿನ ದಿನ ಬನವ್ವ ಬಾಯಿ ಕೆಟ್ಟಿದೆ ಎಂದಿದ್ದಳು. ನೇಕಾರ ಎಲ್ಲಿಂದಲೋ ಒಂದು ಬಟ್ಟಲು ಬದನೆಕಾಯಿ ಪಲ್ಯ ತಂದು ತಾನೇ ಅವಳ ತಟ್ಟೆಗೆ ಬಡಿಸಿದ್ದ. ಅದನ್ನು ಹೇಳಿದ. ಬಂದವಳು ತಲೆಯಾಡಿಸಿದಳು. "ಬದನಿಕಾಯಿ ನಂಜಲ್ಲೇನೋ ತಮ್ಮಾ."

ಅವಳು ಎದ್ದು ಹೋದಳು. ಮಾತು ಮಾತ್ರ ಹೋಗಲಿಲ್ಲ. ನೇಕಾರ ಅದನ್ನು ಹೆಂಡತಿಗೆ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ತನ್ನ ಕೂಸನ್ನು ತಾನೇ ತುತ್ತು ಹಾಕಿ ಕೊಂದೆ ಎಂದು ಮನಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟ. ಸಂತೆಯಲ್ಲಿ ಬದನೆಕಾಯಿಯ ಗುಡ್ಡೆ ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದ.

ಎರಡು ವರ್ಷದ ಮೇಲೆ ಬನವ್ವ ಮತ್ತೆ ಹೆತ್ತಳು. ಗಂಡುಕೂಸು, ದಿನ ತುಂಬಿ ಹುಟ್ಟಿದ್ದು. ಅದರ ಅಳು ಕೇಳಿ ಓಣಿಯವರು ನಕ್ಕರು. ನೇಕಾರ ನಗಲಿಲ್ಲ. ಈ ಸಲ ನಾಲ್ಕು ಜನರನ್ನು ಕೇಳದೆ ಇವಳ ಬಾಯಿಗೆ ಏನನ್ನೂ ಹಾಕಬಾರದು ಎಂದು ಅವತ್ತೇ ನಿರ್ಧಾರ ಮಾಡಿದ.

ಸೂಲಗಿತ್ತಿ ಐದು ದಿನ ಬಂದು ತಾಯಿಗೂ ಕೂಸಿಗೂ ಎರೆದಳು. ಊಟವನ್ನೂ ಅವಳೇ ನೋಡಿಕೊಂಡಳು. ಆರನೆಯ ದಿನ ಹೊಳೆಯಾಚೆಯ ಹಳ್ಳಿಯಿಂದ ಅವಳಿಗೆ ಕರೆ ಬಂತು. ಅಲ್ಲೊಬ್ಬಳು ಎರಡು ದಿನದಿಂದ ಬೇನೆ ತಿನ್ನುತ್ತಿದ್ದಳು. ಸೂಲಗಿತ್ತಿ ಹೊರಡುವಾಗ ನೇಕಾರನನ್ನು ಕರೆದು ಹೇಳಿದಳು. "ಆಕಿಗೆ ಹಸಿವಾದಾಗ ಹೊಟ್ಟಿ ತುಂಬ ಹಾಕು. ನಾ ಬರೂತನಕ ಅಷ್ಟ ನೋಡ್ಕೋ."

ನೇಕಾರನಿಗೆ ಈ ಮಾತು ಹಿಡಿಸಲಿಲ್ಲ. ಹೊಟ್ಟೆ ತುಂಬ ಹಾಕು ಎಂದರಾಯಿತೇ? ಏನು ಹಾಕಬೇಕು, ಏನು ಹಾಕಬಾರದು ಎಂದು ಹೇಳಲೇ ಇಲ್ಲವಲ್ಲ! ಮುದುಕಿಗೆ ವಯಸ್ಸಾಯಿತು, ಮಾತು ಸಡಿಲಾಗಿದೆ ಎಂದುಕೊಂಡ. ಅವಳು ಓಣಿ ದಾಟುವುದನ್ನೇ ಕಾದಿದ್ದು ಕೇಳಲು ಹೊರಟ.

ಕೇಳಿದರೆ ಹೇಳದವರು ಯಾರಿದ್ದಾರೆ? ಹೊಟ್ಟೆಯ ವಿಷಯದಲ್ಲಂತೂ ಊರಿಗೆ ಊರೇ ಪಂಡಿತರು. ನೇಕಾರ ಮಗ್ಗದ ಪಕ್ಕದಲ್ಲಿ ಬಿದ್ದಿದ್ದ ಒಂದು ಉದ್ದನೆಯ ನೂಲನ್ನು ಅಡಿಗೆಮನೆಯ ಬಾಗಿಲಿಗೆ ಕಟ್ಟಿದ. ಅಕ್ಷರ ಬಾರದವನಿಗೆ ಗಂಟು ಹಾಕಲು ಬರುತ್ತದೆ. ಕೊಡಬಾರದು ಎಂದು ಯಾರಾದರೂ ಒಂದು ಪದಾರ್ಥದ ಹೆಸರು ಹೇಳಿದರೆ ಮನೆಗೆ ಬಂದು ನೂಲಿಗೆ ಒಂದು ಗಂಟು ಹಾಕುವನು. ಮೇಲಿನಿಂದ ಬೆರಳು ಇಳಿಸುತ್ತ ಬಂದರೆ ಯಾವ ಗಂಟು ಯಾವುದರದ್ದು ಎಂದು ಒಂದೂ ತಪ್ಪದೆ ಹೇಳುತ್ತಿದ್ದ.

ಮೊದಲ ಗಂಟು ಬದನೆಕಾಯಿಯದು. ಅದನ್ನು ಅವನು ಯಾರನ್ನೂ ಕೇಳದೆ ಹಾಕಿದ.

ಎರಡನೆಯದು ಮೊಸರಿನದು. ಆಮೇಲೆ ಕುಂಬಳಕಾಯಿ, ಸೌತೆಕಾಯಿ, ಶೇಂಗಾ. ಇಷ್ಟರಲ್ಲಿ ಯಾರಿಗೂ ತಕರಾರಿರಲಿಲ್ಲ. ಬನವ್ವ ರೊಟ್ಟಿ ತುಪ್ಪ ಉಂಡುಕೊಂಡು, ಸಬ್ಬಸಿಗೆ ಸೊಪ್ಪು ತಿಂದುಕೊಂಡು, ಕೂಸಿಗೆ ಹಾಲು ಕೊಟ್ಟುಕೊಂಡು ನೆಮ್ಮದಿಯಾಗಿದ್ದಳು. ಮರುದಿನ ಕೆಳಗಿನ ಓಣಿಯ ಹೆಂಗಸೊಬ್ಬಳು ನೋಡಲು ಬಂದು, ಹಸಿ ಬಾಣಂತಿಗೆ ಜೋಳದ ರೊಟ್ಟಿಯೇ, ಕರುಳಿಗೆ ಗಟ್ಟಿಯಾಗುತ್ತದೆ ಎಂದಳು. ರೊಟ್ಟಿ ಗಂಟಿಗೆ ಹೋಯಿತು. ರೊಟ್ಟಿ ಬೇಡ, ಅನ್ನ ಹಾಕು ಎಂದಿದ್ದಳು ಅವಳು. ಅನ್ನ ಬೇಯುತ್ತಿರುವಾಗ ಬಂದ ಇನ್ನೊಬ್ಬಳು ಅನ್ನ ಶೀತ ಎಂದಳು. ನೇಕಾರ ಗಡಿಗೆಯನ್ನು ಒಲೆಯಿಂದ ಇಳಿಸಿಯೇಬಿಟ್ಟ.

ತುಪ್ಪದಿಂದ ಸೊಂಟ ಗಟ್ಟಿಯಾಗುತ್ತದೆ ಎಂದು ಒಬ್ಬರು, ತುಪ್ಪದಿಂದ ಕೂಸಿಗೆ ಕೆಮ್ಮಾಗುತ್ತದೆ ಎಂದು ಒಬ್ಬರು. ಬೆಳ್ಳುಳ್ಳಿಯಿಂದ ಹಾಲು ಹೆಚ್ಚುತ್ತದೆ ಎಂದು ಎದುರುಮನೆಯವಳು ಹೇಳಿದರೆ ಬೆಳ್ಳುಳ್ಳಿಯ ವಾಸನೆಗೆ ಕೂಸು ಎದೆ ಬಿಡುತ್ತದೆ ಎಂದು ಅವಳ ನಾದಿನಿ ಹೇಳುವಳು. ಇಬ್ಬರಲ್ಲಿ ಯಾರನ್ನು ನಂಬಬೇಕು? ನೇಕಾರ ಇದಕ್ಕೊಂದು ದಾರಿ ಕಂಡುಕೊಂಡಿದ್ದ. ಇಬ್ಬರು ಎರಡು ಹೇಳಿದರೆ ಬೇಡ ಎಂದವರ ಮಾತು ಕೇಳಬೇಕು. ಬಿಟ್ಟರೆ ಯಾವ ಅಪಾಯವೂ ಇಲ್ಲ, ಅಪಾಯವಿರುವುದು ತಿನ್ನುವುದರಲ್ಲಿ. ಮೊದಲ ಕೂಸಿನ ವಿಷಯದಲ್ಲಿ ತಾನು ಕಲಿತ ಪಾಠ ಇದೇ ಎಂದು ಅವನು ನಂಬಿದ್ದ.

ಎಂಟನೆಯ ದಿನ ಬನವ್ವ ಒಳಗಿನಿಂದ ಕರೆದಳು. "ರೀ, ಹಸಿವಾಗೇತ್ರಿ. ಏನರ ಕೊಡ್ರಿ."

"ತಡಿ, ಮ್ಯಾಲಿನ ಓಣ್ಯಾಗಿನ ಮುದುಕೀನ್ನ ಒಂದ ಮಾತ ಕೇಳಿ ಬರ್ತೀನಿ" ಎಂದು ನೇಕಾರ ಚಪ್ಪಲಿ ಮೆಟ್ಟಿದ.

ಮುದುಕಿ ಬೇಳೆ ಬೇಡ ಎಂದಳು. ವಾಯು. ಬರುವ ದಾರಿಯಲ್ಲಿ ಎಣ್ಣೆ ಮಾರುವವನು ಸಿಕ್ಕಿ, ಬಾಣಂತಿಗೆ ಬೆಲ್ಲ ಕೊಡುತ್ತಿಲ್ಲ ತಾನೇ ಎಂದು ಕೇಳಿದ. ಒಂದು ಹೆರಿಗೆಯನ್ನೂ ಕಣ್ಣಿನಿಂದ ಕಾಣದ ಮನುಷ್ಯ ಅವನು. ಆದರೂ ಬೆಲ್ಲಕ್ಕೆ ಗಂಟು ಬಿತ್ತು. ಹೀಗೆ ಹಸಿವಾಗಿದೆ ಎಂದವಳಿಗೆ ಎರಡು ಗಂಟು ಸಿಕ್ಕವು. ಬನವ್ವ ಮರುದಿನವೂ ಒಂದು ಸಲ ಹಸಿವು ಎಂದಳು. ಅದರ ಮರುದಿನದಿಂದ ಹೇಳುವುದನ್ನು ಬಿಟ್ಟಳು. ಗಂಡ ತನ್ನ ಮೇಲಿನ ಜೀವದಿಂದಲೇ ಹೀಗೆ ಓಣಿ ಓಣಿ ತಿರುಗುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಜಗಳವಾಡಲೂ ಅವಳಿಗೆ ಬಾಯಿ ಬರಲಿಲ್ಲ.

ಹತ್ತನೆಯ ದಿನದಿಂದ ಕೂಸು ಅಳತೊಡಗಿತು. ಹುಟ್ಟಿದ ದಿನದ ಅಳು ಬೇರೆ, ಇದು ಬೇರೆ. ಎದೆಗೆ ಹಾಕಿದರೆ ಎರಡು ಸಲ ಚೀಪಿ ಬಾಯಿ ಬಿಡುವುದು, ಮತ್ತೆ ಅಳುವುದು. ನೋಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಹೇಳಿದಳು. "ಆಕಿ ಏನೋ ತಿಂದಾಳ. ಅದು ಹಾಲಿನ್ಯಾಗ ಇಳಿದು ಕೂಸಿನ ಹೊಟ್ಟಿ ನೋಯಾಕ ಹತ್ತೇತಿ."

ನೇಕಾರ ಅಡಿಗೆಮನೆಗೆ ಓಡಿದ. ನಿನ್ನೆ ಏನು ಕೊಟ್ಟಿದ್ದೆ? ಅಳವಿ ಬೀಜದ ಪಾಯಸ, ಅರ್ಧ ಬಟ್ಟಲು. ಅಳವಿಗೆ ಗಂಟು ಹಾಕಿದ. ಕೂಸಿನ ಅಳು ನಿಲ್ಲಲಿಲ್ಲ. ಹಾಗಾದರೆ ಮೊನ್ನೆಯ ಸಬ್ಬಸಿಗೆ ಸೊಪ್ಪು ಇರಬೇಕು. ಸಬ್ಬಸಿಗೆಗೆ ಗಂಟು. ಕೂಸು ಇನ್ನೂ ಹೆಚ್ಚು ಅತ್ತಿತು. ಅದು ಅತ್ತಂತೆಲ್ಲ ಇವನು ತಾಯಿಗೆ ಒಂದೊಂದು ಪದಾರ್ಥವನ್ನು ಬಿಡಿಸಿದ, ಇವನು ಬಿಡಿಸಿದಂತೆಲ್ಲ ಅದು ಅತ್ತಿತು. ಕಣ್ಣೆದುರಿಗೆ ನಡೆಯುತ್ತಿದ್ದ ಇದು ಅವನಿಗೆ ಕಾಣಲಿಲ್ಲ. ಭಯಪಟ್ಟವನ ಕಣ್ಣು ಆ ನೂಲಿನ ಮೇಲಿಂದ ಏಳುತ್ತಲೇ ಇರಲಿಲ್ಲ.

ಪಟ್ಟಣದಿಂದ ಒಬ್ಬ ವೈದ್ಯನನ್ನೂ ಕರೆಸಿದ. ವೈದ್ಯ ಬಾಗಿಲ ಹೊರಗೇ ಕೂತು ನಡೆದದ್ದನ್ನು ಕೇಳಿದ. ನೇಕಾರ ನೂಲು ಹಿಡಿದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಗಂಟುಗಳನ್ನೂ ಒಪ್ಪಿಸಿದ. ವೈದ್ಯನಿಗೆ ಬಹಳ ಸಂತೋಷವಾಯಿತು. "ಪಥ್ಯ ಅಂದರ ಹಿಂಗಿರಬೇಕು" ಎಂದು ಹೊಗಳಿ, ಹಾಲು ಮತ್ತು ಮೆಣಸಿನ ಎರಡು ಗಂಟು ತಾನೂ ಸೇರಿಸಿ ಹೋದ. ಹೋಗುವಾಗ ಬನವ್ವನ ಮುಖವನ್ನೂ ನೋಡಲಿಲ್ಲ.

ಹದಿಮೂರನೆಯ ದಿನ ನೂಲಿನಲ್ಲಿ ಇಪ್ಪತ್ತಾರು ಗಂಟುಗಳಿದ್ದವು. ಬನವ್ವನಿಗೆ ಸಿಗುತ್ತಿದ್ದುದು ದಿನಕ್ಕೆ ಎರಡು ಸಲ ಓಮಿನಕಾಳು ಕುದಿಸಿದ ನೀರು. ಅದೂ ಅರ್ಧ ಲೋಟ, ಏಕೆಂದರೆ ಬಾಣಂತಿ ನೀರು ಹೆಚ್ಚು ಕುಡಿಯಬಾರದು ಎಂದು ಯಾರೋ ಹೇಳಿದ್ದರು.

ಇಷ್ಟೆಲ್ಲದರ ನಡುವೆಯೂ ಆ ಮನೆಯಲ್ಲಿ ಒಂದು ಕೆಲಸ ನಿಂತಿರಲಿಲ್ಲ. ನೇಕಾರನ ಮನೆ ಎಂದಮೇಲೆ ಬೆಳಗಾದರೆ ನೂಲಿಗೆ ಗಂಜಿ ಕಾಸಬೇಕು. ಜೋಳದ ಹಿಟ್ಟನ್ನು ನೀರಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸಿ, ತೆಳ್ಳಗೆ ಕುದಿಸಬೇಕು. ಅದನ್ನು ನೂಲಿಗೆ ಸವರಿ ಒಣಗಿಸಿದರೆ ಎಳೆಗೆ ಬಲ ಬರುತ್ತದೆ. ಇಲ್ಲದಿದ್ದರೆ ಮಗ್ಗದಲ್ಲಿ ನಾಲ್ಕು ಸಲ ಲಾಳಿ ಹೋಗಿ ಬರುವುದರೊಳಗೆ ಪಟಪಟನೆ ಕಡಿಯುತ್ತದೆ. ಮಿಕ್ಕ ಗಂಜಿಯನ್ನು ನೇಕಾರ ಪಕ್ಕದ ಮನೆಯ ಎಮ್ಮೆಗೆ ಹಾಕುತ್ತಿದ್ದ. ಆ ಎಮ್ಮೆಗೆ ಏನು ಕೊಡಬಾರದು ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಅದು ಎರಡೂ ಹೊತ್ತು ತಂಬಿಗೆ ತುಂಬ ಹಾಲು ಕೊಡುತ್ತಿತ್ತು.

ಇಲ್ಲಿ ಗುರುಗಳು ಒಂದು ಕ್ಷಣ ನಿಲ್ಲಿಸಿದರು. ಶಿಷ್ಯ ನಗಬಹುದೆಂದು ನೋಡಿದರೋ ಏನೋ. ಶಿಷ್ಯ ನಗಲಿಲ್ಲ. ಅವನಿಗೆ ಆ ಕೂಸಿನ ಚಿಂತೆ ಹತ್ತಿತ್ತು.

ಹದಿನಾಲ್ಕನೆಯ ದಿನ ಬೆಳಿಗ್ಗೆ ನೇಕಾರ ಒಲೆಯ ಮುಂದೆ ಕೂತು ಗಂಜಿಗೆ ಕೈಯಾಡಿಸುತ್ತಿದ್ದ. ಒಂದು ಹನಿಯನ್ನು ಎರಡು ಬೆರಳ ನಡುವೆ ತೆಗೆದುಕೊಂಡು ತೀಡಿ ಹದ ನೋಡಿದ. ಹದ ಸರಿಯಾಗಿತ್ತು. ಇನ್ನು ಎರಡು ಹನಿ ಎಣ್ಣೆ ಬಿಟ್ಟರೆ ನೂಲಿಗೆ ಸಿದ್ಧ. ಎಣ್ಣೆಯ ಕುಡಿಕೆಗೆ ಕೈ ಚಾಚಿದವನಿಗೆ ಏನೋ ಒಂದು ಇಲ್ಲವಲ್ಲ ಎನಿಸಿತು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೂಸು ಅಳುತ್ತಿರಲಿಲ್ಲ.

ಎದ್ದು ಒಳಗೆ ಓಡಿದ. ಬನವ್ವ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಅವಳ ಪಕ್ಕದಲ್ಲಿ ಕಣ್ಣು ತೆರೆದುಕೊಂಡೇ ಇತ್ತು. ಬಾಯಿ ಅಳುವ ಹಾಗೆ ತೆರೆಯುತ್ತಿತ್ತು, ಆದರೆ ದನಿ ಬರುತ್ತಿರಲಿಲ್ಲ.  ಮತ್ತೆ ಯಾವುದೋ ಒಂದನ್ನು ಬಿಡಿಸಬೇಕು ಎಂದು ನೇಕಾರನ ಮನಸ್ಸು ಹುಡುಕಿತು. ಬಿಡಿಸಲು ಏನೂ ಉಳಿದಿರಲಿಲ್ಲ. ಓಮಿನಕಾಳಿನ ನೀರೊಂದೇ ಇತ್ತು. ಅದಕ್ಕೂ ಗಂಟು ಹಾಕಲೆಂದು ನೂಲಿಗೆ ಕೈ ಹಾಕಿದ.

ಅಷ್ಟರಲ್ಲಿ ಸೂಲಗಿತ್ತಿ ಒಳಗೆ ಬಂದಳು. ಹೊಳೆಯಾಚೆಯಿಂದ ನೇರ ಬಂದಿದ್ದಳು, ಕಾಲಿಗೆ ಇನ್ನೂ ಮರಳು ಅಂಟಿತ್ತು. ಹೊರಸಿನ ಹತ್ತಿರ ಹೋಗಿ ಕೂಸಿನ ಕೆನ್ನೆ ಮುಟ್ಟಿದಳು. ಬನವ್ವನ ತುಟಿ ನೋಡಿದಳು. ನೇಕಾರನ ಕಡೆ ತಿರುಗಿ ಕೇಳಿದಳು. "ಇವತ್ತ ಆಕಿ ಏನ ಉಂಡಾಳ?"

ನೇಕಾರನಿಗೆ ಜೀವ ಬಂದಂತಾಯಿತು. ಈ ಪ್ರಶ್ನೆಗಾಗಿ ಅವನು ಎಷ್ಟೋ ದಿನದಿಂದ ಸಿದ್ಧನಾಗಿದ್ದ. ನೂಲು ಹಿಡಿದು ಶುರು ಮಾಡಿದ. "ಬದನಿಕಾಯಿ ಕೊಟ್ಟಿಲ್ಲ ಆಯಿ. ಮಸರ ಕೊಟ್ಟಿಲ್ಲ. ಕುಂಬಳಕಾಯಿ ಕೊಟ್ಟಿಲ್ಲ. ಶೇಂಗಾ..."

"ನಾ ಬಿಟ್ಟಿದ್ದ ಕೇಳಲಿಲ್ಲೋ. ಉಂಡಿದ್ದ ಕೇಳೇನಿ."

ನೇಕಾರನ ಬೆರಳು ಗಂಟಿನ ಮೇಲೆ ನಿಂತಿತು. ಕೆಳಗಿಳಿಯಿತು, ಮೇಲೆ ಹೋಯಿತು. ಅವಳು ಉಂಡದ್ದಕ್ಕೆ ಆ ನೂಲಿನಲ್ಲಿ ಒಂದೂ ಗಂಟಿರಲಿಲ್ಲ.

ಸೂಲಗಿತ್ತಿ ಅವನ ಉತ್ತರಕ್ಕೆ ಕಾಯಲಿಲ್ಲ. ಅಡಿಗೆಮನೆಗೆ ನಡೆದಳು. "ಒಲಿ ಮ್ಯಾಲ ಏನೈತಿ?"

"ಅದು ನೂಲಿಗೆ, ಆಯಿ."

"ಎಣ್ಣಿ ಬಿಟ್ಟೀಯೇನ?"

"ಇನ್ನೂ ಇಲ್ಲ."

ಅವಳು ಬಟ್ಟಲಿಗೆ ಗಂಜಿ ಬಗ್ಗಿಸಿಕೊಂಡು ಒಂದು ಚಿಟಿಕೆ ಉಪ್ಪು ಹಾಕಿದಳು. ಆಗ ನೇಕಾರನಿಗೆ ಅವಳು ಏನು ಮಾಡಲು ಹೊರಟಿದ್ದಾಳೆಂದು ಹೊಳೆಯಿತು. ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. 

"ಬ್ಯಾಡ ಆಯಿ, ಜ್ವಾಳ ಆಗೂದಿಲ್ಲ ಅಂದಾರ. ನಿನ್ನ ಕಾಲ ಹಿಡಿತೀನಿ. ಮೊದಲಿನ ಕೂಸ ಹಿಂಗ ಹೋತು. ನಾನ ಕೈಯಾರ ಬದನಿಕಾಯಿ ಹಾಕಿದ್ದೆ."

ಎರಡು ವರ್ಷದಿಂದ ಯಾರಿಗೂ ಹೇಳದ ಮಾತು ಹೀಗೆ ಹೊರಗೆ ಬಿತ್ತು. ಹೊರಸಿನ ಮೇಲಿದ್ದ ಬನವ್ವ ಮುಖ ಈಚೆ ತಿರುಗಿಸಿದಳು.

ಸೂಲಗಿತ್ತಿ ಬಟ್ಟಲು ಹಿಡಿದೇ ನಿಂತಳು. ಅವಳ ಸಿಟ್ಟು ಇಳಿದಿತ್ತು. "ಆ ಕೂಸನ್ನ ಕೈಯಾಗ ಹಿಡದಾಕಿ ನಾನು. ಏಳ ತಿಂಗಳಿಗೇ ಬಂದಿತ್ತು. ಬೊಗಸ್ಯಾಗ ಹಿಡಿಯೂವಷ್ಟ ಇತ್ತು. ಉಸರ ಎಳ್ಕೊಳ್ಳಾಕ ಅದಕ್ಕ ತ್ರಾಣ ಇರಲಿಲ್ಲಪಾ. ಬದನಿಕಾಯಿ ಏನ ಮಾಡೀತು ಅದಕ್ಕ?"

"ಅದಕ್ಕ ಹೋತಂತ ಯಾರೂ ನನಗ ಹೇಳಲಿಲ್ಲ."

"ಊರ ಮಂದೀನ್ನೆಲ್ಲಾ ಕೇಳ್ಕೋತ ಹೋದಿ. ನನ್ನ ಕೇಳಿದ್ಯೇನ?"

ನೇಕಾರನ ಕೈಗಳು ಅರ್ಧ ಇಳಿದವು. ಪೂರ್ತಿ ಇಳಿಯಲಿಲ್ಲ. ಎರಡು ವರ್ಷ ಹೊತ್ತ ಭಯ ಒಂದು ಮಾತಿಗೆ ಇಳಿಯುತ್ತದೆಯೇ? ಅವನು ಬಾಗಿಲು ಬಿಡಲಿಲ್ಲ. ಬಟ್ಟಲಿನ ಗಂಜಿ ಆರುತ್ತಿತ್ತು.

"ನೂಲಿಗೆ ಗಂಜಿ ಬೇಕಂತ ನಿನಗ ಯಾರ ಹೇಳ್ತಾರ?" ಎಂದು ಸೂಲಗಿತ್ತಿ ಕೇಳಿದಳು.

"ಯಾರ ಹೇಳಬೇಕು? ಹಿಡದ್ರ ಕೈಗೆ ತಿಳೀತೈತಿ."

"ಹಂಗಾರ ಬಾ" ಎಂದು ಅವಳು ಅವನ ತೋಳು ಹಿಡಿದು ಹೊರಸಿನ ಹತ್ತಿರ ಎಳೆದುಕೊಂಡು ಹೋದಳು. ಬನವ್ವನ ಕೈಯನ್ನು ಕಂಬಳಿಯ ಒಳಗಿನಿಂದ ತೆಗೆದು ಅವನ ಅಂಗೈಯಲ್ಲಿ ಇಟ್ಟಳು. "ಇದನ್ನ ಹಿಡದ ನೋಡು."

ನೇಕಾರ ಹಿಡಿದ. ಎಂಟು ದಿನದಲ್ಲಿ ಅವನು ಓಣಿ ಓಣಿ ತಿರುಗಿದ್ದ, ಇಪ್ಪತ್ತಾರು ಗಂಟು ಹಾಕಿದ್ದ, ಹೆಂಡತಿಯ ಕೈಯನ್ನು ಒಂದು ಸಲವೂ ಹಿಡಿದಿರಲಿಲ್ಲ. ಮಣಿಕಟ್ಟು ಅವನ ಹೆಬ್ಬೆರಳು ಕಿರುಬೆರಳು ಸೇರಿಸಿದ ಸುತ್ತಿನೊಳಗೆ ಬಂತು. ಬಳೆ ಮೊಣಕೈವರೆಗೆ ಜಾರಿ ನಿಂತಿತ್ತು. ಚರ್ಮ ಒಣಗಿ ಬೆರಳಿಗೆ ಒರಟಾಗಿ ಹತ್ತುತ್ತಿತ್ತು. ಆ ಒರಟನ್ನು ಅವನ ಬೆರಳು ಜೀವಮಾನವಿಡೀ ಬಲ್ಲದು. ಒಣಗಿದ ಎಳೆಯನ್ನು ಹಿಡಿದಾಗ ಅದು ಹೀಗೆಯೇ ಹತ್ತುತ್ತದೆ. ಇನ್ನೊಂದು ಗಳಿಗೆ ಬಿಟ್ಟರೆ ಕಡಿಯುತ್ತದೆ.

ಅವನು ಸೂಲಗಿತ್ತಿಯ ಕೈಯಿಂದ ಬಟ್ಟಲು ತಾನೇ ತೆಗೆದುಕೊಂಡ. ಚಮಚ ತುಂಬಿದ. ಚಮಚ ಬನವ್ವನ ತುಟಿಯವರೆಗೆ ಹೋಯಿತು, ಅಲ್ಲಿ ನಿಂತಿತು. ಅವನು ಹಿಂದೆ ಕೊಟ್ಟ ಬದನೆಕಾಯಿ ಪಲ್ಯದ ತುತ್ತು ಅವನ ಕಣ್ಣ ಮುಂದೆ ಬಂದಿರಬೇಕು. ಕೈ ಹಿಂದಕ್ಕೆ ಬರುವುದರಲ್ಲಿತ್ತು. ಬನವ್ವ ಕತ್ತು ಎತ್ತಿ, ತಾನೇ ಮುಂದೆ ಬಂದು, ಆ ಚಮಚಕ್ಕೆ ಬಾಯಿ ಹಾಕಿದಳು.

ಒಂದು ಚಮಚ ಇಳಿಯಿತು. ನೇಕಾರ ಉಸಿರು ಹಿಡಿದು ಅವಳ ಮುಖವನ್ನೇ ನೋಡಿದ. ಏನೂ ಆಗಲಿಲ್ಲ. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ನೇಕಾರ ಹೆದರಿ ಸೂಲಗಿತ್ತಿಯ ಕಡೆ ತಿರುಗಿದ.

"ಕೊಡು. ಸಾವಕಾಶ ಕೊಡು. ಪಥ್ಯ ಉಣ್ಣೋರಿಗೆ ಇರತೈತಿ. ಉಪಾಸ ಬಿದ್ದಾಕಿಗೆ ಎಲ್ಲೀ ಪಥ್ಯ?"

ಬಟ್ಟಲು ಖಾಲಿಯಾಯಿತು. ಸೂಲಗಿತ್ತಿ ಒಂದಿಷ್ಟು ಹೊತ್ತು ತಡೆದು ಇನ್ನರ್ಧ ಬಟ್ಟಲು ತಂದಳು. ಅವತ್ತು ಪಕ್ಕದ ಮನೆಯ ಎಮ್ಮೆಗೆ ಗಂಜಿ ಹೋಗಲಿಲ್ಲ, ನೂಲಿಗೂ ಉಳಿಯಲಿಲ್ಲ. ಪಕ್ಕದ ಮನೆಯಿಂದ ಅದೇ ಎಮ್ಮೆಯ ಹಾಲು ತಂದು ಕಾಸಿದರು. ನೇಕಾರ ಯಾರನ್ನೂ ಕೇಳಲು ಹೋಗಲಿಲ್ಲ. ಪ್ರತಿ ಸಲ ಹೆಂಡತಿಯ ಮುಖ ನೋಡಿ, ಅವಳು ತಲೆಯಾಡಿಸಿದರೆ ಕೊಟ್ಟ, ಸಾಕೆಂದರೆ ನಿಲ್ಲಿಸಿದ.

ಆದರೆ ಹೊರಸಿನ ಮೇಲೆ ಕೂಸು ಇನ್ನೂ ಹಾಗೆಯೇ ಇತ್ತು. ಅದರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತಾಯಿ ಉಂಡದ್ದು ಕೂಸಿಗೆ ಮುಟ್ಟಲು ಹೊತ್ತು ಬೇಕು. ಅಷ್ಟು ಹೊತ್ತು ಅದರ ಹತ್ತಿರ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಸೂಲಗಿತ್ತಿ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಕೂಸಿನ ನಾಲಿಗೆಗೆ ಹನಿ ಹನಿ ಹಿಂಡಿದಳು. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು. ನೇಕಾರ ಹೊರಸಿನ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದ, ಹೆಂಡತಿಯ ಮಣಿಕಟ್ಟನ್ನು ಕೈಯಿಂದ ಬಿಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸೂಲಗಿತ್ತಿ ಕೂಸನ್ನು ಎತ್ತಿ ತಾಯಿಯ ಎದೆಗೆ ಇಟ್ಟಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ತಂಬಿಗೆಗೆ ಕೈ ಚಾಚಿದರು.

ಶಿಷ್ಯ ಕಾದ.  ತಾನು ಕೇಳಲು ಬಂದ ಪ್ರಶ್ನೆ ಯಾವುದೆಂಬುದು ಶಿಷ್ಯನಿಗೆ ಮರೆತೇಹೋಗಿತ್ತು. ಅವನು ಮುಂದಕ್ಕೆ ಸರಿದು ಕೂತ.

"ಗುರುಗಳೇ, ಆ ಕೂಸು ಬದುಕಿತೇ?"

"ಬದುಕಿತಪ್ಪಾ; ಅದಕ್ಕೀಗ ಎಂಬತ್ತು ದಾಟಿದೆ, ಮೂರು ದಿನದಿಂದ ಹಸಿದುಕೊಂಡು ನಿನ್ನೆದುರಿಗೇ ಕೂತಿದೆ."